ಉಪ್ಪು ತಿಂದವರು ಯಾರು, ನೀರು ಕುಡಿದವರು ಯಾರು? ಯುರೋಪಿನ ನದಿಗಳ ಲೆಕ್ಕ

ಫ್ರಾನ್ಸಿನ ಅಲ್ಸಾಸ್ ಪ್ರದೇಶದಲ್ಲಿ ಪೊಟ್ಯಾಷ್ ಗಣಿಗಳಿದ್ದವು. ಪೊಟ್ಯಾಷ್ ಬೇರ್ಪಡಿಸಿದ ಮೇಲೆ ರಾಶಿ ರಾಶಿ ಉಪ್ಪು ಉಳಿಯುತ್ತಿತ್ತು. ಅದನ್ನು ಏನು ಮಾಡುವುದು? ಹತ್ತಿರದಲ್ಲೇ ರೈನ್ ನದಿ ಇತ್ತು. ಅದಕ್ಕೇ ಬಿಟ್ಟರು. ದಶಕಗಟ್ಟಲೆ ಬಿಟ್ಟರು. ಆ ಉಪ್ಪು ನೂರಾರು ಕಿಲೋಮೀಟರ್ ಹರಿದು, ಜರ್ಮನಿ ದಾಟಿ, ನೆದರ್‌ಲ್ಯಾಂಡ್ಸ್ ಸೇರುತ್ತಿತ್ತು. ಅಲ್ಲಿ ರೈನ್ ನೀರನ್ನೇ ನಂಬಿ ಗಿಡ ಬೆಳೆಸುತ್ತಿದ್ದ ಡಚ್ ತೋಟಗಾರರು ಕೊನೆಗೆ ಕೋರ್ಟಿಗೆ ಹೋದರು.

ಮಾತುಕತೆ ನಡೆದು 1976ರಲ್ಲಿ ಬಾನ್ ನಗರದಲ್ಲಿ ಒಂದು ಒಪ್ಪಂದವಾಯಿತು. ಉಪ್ಪನ್ನು ನದಿಗೆ ಬಿಡುವುದು ಕಡಿಮೆ ಮಾಡಬೇಕು, ಅದರ ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕು ಅಂತ. ಫ್ರಾನ್ಸ್ ಶೇ. 30, ಜರ್ಮನಿ ಶೇ. 30, ಸ್ವಿಟ್ಜರ್ಲೆಂಡ್ ಶೇ. 6. ಉಳಿದ ಶೇ. 34 ಯಾರ ಪಾಲಿಗೆ? ನೆದರ್‌ಲ್ಯಾಂಡ್ಸ್ ಪಾಲಿಗೆ. ಅಂದರೆ ಎಲ್ಲರಿಗಿಂತ ಜಾಸ್ತಿ ದುಡ್ಡು ಕೊಡಬೇಕಾದವರು ತೊಂದರೆ ಅನುಭವಿಸಿದವರೇ. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತೇವೆ. ಇಲ್ಲಿ ತಿಂದವರು ಒಬ್ಬರು, ಕುಡಿದವರು ಇನ್ನೊಬ್ಬರು. ಅಷ್ಟಾದರೂ ಆ ಒಪ್ಪಂದ ಜಾರಿಗೆ ಬರಲು 1985 ಆಗಬೇಕಾಯಿತು.

ಇದು ಬರೀ ಅನ್ಯಾಯದ ಕಥೆ ಅಲ್ಲ, ನದಿಯ ಸ್ವಭಾವವೇ ಹಾಗೆ. ಮೇಲಿನವರು ಬಿಟ್ಟದ್ದು ಕೆಳಗಿನವರಿಗೆ ಹೋಗುತ್ತದೆ, ಕೆಳಗಿನದು ಮೇಲಕ್ಕೆ ಬರುವುದಿಲ್ಲ. ಹಾಗಾಗಿ ಮೇಲಿರುವವರಿಗೆ ಸುಮ್ಮನಿರುವುದೇ ಲಾಭ. ಯುರೋಪಿನಲ್ಲಿ ಈ ತೊಡಕು ಇನ್ನೂ ದೊಡ್ಡದು, ಯಾಕೆಂದರೆ ಅಲ್ಲಿ ನದಿಗಳು ಉದ್ದ, ದೇಶಗಳು ಚಿಕ್ಕವು. ಡ್ಯಾನ್ಯೂಬ್ ನದಿಗೆ 19 ದೇಶಗಳ ಮಳೆ ನೀರು ಬಂದು ಸೇರುತ್ತದೆ. ಜಗತ್ತಿನ ಬೇರಾವ ನದಿಗೂ ಇಷ್ಟು ಜನ ಪಾಲುದಾರರಿಲ್ಲ. ಕೊಳಕು ಯಾರದು, ಖರ್ಚು ಯಾರದು ಎಂಬ ಪ್ರಶ್ನೆಯನ್ನು ಈ ಖಂಡ ಅರ್ಧ ಶತಮಾನದಿಂದ ಬಿಡಿಸುತ್ತಾ ಬಂದಿದೆ. ಸ್ವಲ್ಪ ಬಿಡಿಸಿದೆ. ಸ್ವಲ್ಪ ಇನ್ನೂ ಗೋಜಲಾಗಿಯೇ ಇದೆ.

ಒಂದು ಬೆಂಕಿ, ಒಂದು ಮೀನು

1986ರ ನವೆಂಬರ್ 1ರ ಮಧ್ಯರಾತ್ರಿ ದಾಟಿದ ಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ ಸಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗಿದ್ದದ್ದು ಹೆಚ್ಚಾಗಿ ಕೀಟನಾಶಕ. ಬೆಂಕಿ ಆರಿಸಲು ಹಾಕಿದ ನೀರು ಆ ವಿಷವನ್ನೆಲ್ಲ ತೊಳೆದುಕೊಂಡು ಸೀದಾ ರೈನ್‌ಗೆ ಇಳಿಯಿತು. ಜೊತೆಗೆ ಒಂದು ಬಣ್ಣವೂ ಸೇರಿ ನದಿ ಕೆಂಪಾಯಿತು. ಕೆಳಗೆ ನೂರಾರು ಕಿಲೋಮೀಟರ್ ಉದ್ದಕ್ಕೂ ಹಾವುಮೀನುಗಳು ಸತ್ತು ತೇಲಿದವು. ಸುಮಾರು ಒಂದೂವರೆ ಲಕ್ಷ ಎಂಬುದು ಅಂದಾಜು.

ರೈನ್ ಅದಕ್ಕೆ ಮೊದಲೇನೂ ಚೆನ್ನಾಗಿರಲಿಲ್ಲ. ನದಿಯ ರಕ್ಷಣೆಗೆ ಅಂತ ದೇಶಗಳು ಸೇರಿ 1950ರಲ್ಲೇ ಒಂದು ಆಯೋಗ ಮಾಡಿಕೊಂಡಿದ್ದವು. ಅದು ಅಳೆಯುತ್ತಿತ್ತು, ವರದಿ ಬರೆಯುತ್ತಿತ್ತು. ಆದರೆ ಕೆಂಪು ನದಿಯನ್ನು ಟಿವಿಯಲ್ಲಿ ನೋಡಿದ ಮೇಲೆ ರಾಜಕಾರಣಿಗಳಿಗೆ ಸುಮ್ಮನೆ ಕೂರಲು ಆಗಲಿಲ್ಲ. ಮರುವರ್ಷವೇ ರೈನ್ ಕಾರ್ಯಕ್ರಮಕ್ಕೆ ಒಪ್ಪಿಗೆ ಸಿಕ್ಕಿತು. ಅದರ ಗುರಿ ಬಹಳ ಸರಳ: 2000ನೇ ಇಸವಿಯ ಹೊತ್ತಿಗೆ ಸಾಲ್ಮನ್ ಮೀನು ರೈನ್‌ಗೆ ವಾಪಸ್ ಬರಬೇಕು.

ಈ ಗುರಿಯನ್ನು ಆರಿಸಿದವರ ಜಾಣತನ ಮೆಚ್ಚಬೇಕು. ಸಾಲ್ಮನ್ ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಮತ್ತೆ ನದಿಯ ಮೇಲ್ಭಾಗಕ್ಕೆ ಬರುತ್ತದೆ. ಅದು ಬದುಕಬೇಕಾದರೆ ನೀರಿನಲ್ಲಿ ಆಮ್ಲಜನಕ ಇರಬೇಕು, ವಿಷ ಇರಬಾರದು. ಮೊಟ್ಟೆಯಿಡಲು ಕೆಸರಿಲ್ಲದ ಕಲ್ಲುಗಳ ತಳ ಬೇಕು. ದಾರಿಯಲ್ಲಿ ಅಡ್ಡ ಕಟ್ಟಿದ ಗೋಡೆ ಇರಬಾರದು. ಮಿಲಿಗ್ರಾಂ ಲೆಕ್ಕದ ನೂರು ಗುರಿಗಳನ್ನು ಜನ ನೆನಪಿಟ್ಟುಕೊಳ್ಳುವುದಿಲ್ಲ. ಮೀನು ಬಂತಾ ಇಲ್ಲವಾ ಅಂತ ಮಾತ್ರ ಎಲ್ಲರೂ ಕೇಳುತ್ತಾರೆ.

ಮೀನು ಬಂತು. ನಗರಗಳೂ ಕಾರ್ಖಾನೆಗಳೂ ಕೊಳಚೆ ನೀರು ಶುದ್ಧೀಕರಿಸುವ ಘಟಕಗಳಿಗೆ ಕೋಟ್ಯಂತರ ಸುರಿದವು. ಬೆಂಕಿ ಆರಿಸಿದ ನೀರು ನದಿಗೆ ಹೋಗದಂತೆ ರಾಸಾಯನಿಕ ಗೋದಾಮುಗಳ ಪಕ್ಕ ತೊಟ್ಟಿಗಳು ಬಂದವು. ಮೇಲೆ ಏನಾದರೂ ಚೆಲ್ಲಿದರೆ ಕೆಳಗಿನ ಊರುಗಳಿಗೆ ತಕ್ಷಣ ಸುದ್ದಿ ಮುಟ್ಟಿಸುವ ವ್ಯವಸ್ಥೆ ಗಟ್ಟಿಯಾಯಿತು. ಈಗ ಸುಮಾರು 3 ಕೋಟಿ ಜನರ ಕುಡಿಯುವ ನೀರು ಈ ನದಿಯ ಆಸುಪಾಸಿನಿಂದಲೇ ಬರುತ್ತದೆ. ಆದರೆ ಸಾಲ್ಮನ್ ಇನ್ನೂ ತನ್ನಷ್ಟಕ್ಕೆ ಬಾಸೆಲ್‌ವರೆಗೆ ಈಜಿ ಹೋಗಲಾರದು. 2020ರೊಳಗೆ ಅಲ್ಲಿಗೆ ಮುಟ್ಟಿಸಬೇಕೆಂಬ ಗುರಿ ತಪ್ಪಿತು. ನೀರು ಕೊಳಕು ಅಂತಲ್ಲ. ನದಿಯ ಮೇಲ್ಭಾಗದಲ್ಲಿ ವಿದ್ಯುತ್ ಅಣೆಕಟ್ಟುಗಳು ಅಡ್ಡ ನಿಂತಿವೆ. ನೀರು ಶುದ್ಧವಾದ ಮಾತ್ರಕ್ಕೆ ನದಿ ಸರಿಯಾಗುವುದಿಲ್ಲ ಎಂಬುದು ಇಲ್ಲೇ ಗೊತ್ತಾಗುತ್ತದೆ.

ಎಲ್ಲ ವಿಷಯದಲ್ಲೂ ಪಾಸಾಗಬೇಕು

ಡಿಸೆಂಬರ್ 2000ದಲ್ಲಿ ಯುರೋಪಿಯನ್ ಒಕ್ಕೂಟ ಒಂದು ದೊಡ್ಡ ಕಾನೂನು ತಂದಿತು. ಹೆಸರು ವಾಟರ್ ಫ್ರೇಮ್‌ವರ್ಕ್ ಡೈರೆಕ್ಟಿವ್. ಅದರಲ್ಲಿ ಎರಡು ಹೊಸತನ ಇದ್ದವು.

ಮೊದಲನೆಯದು, ನೀರಿನ ಆಡಳಿತವನ್ನು ಜಿಲ್ಲೆ, ರಾಜ್ಯ, ದೇಶಗಳ ಗೆರೆ ಹಿಡಿದು ಮಾಡಬಾರದು, ಜಲಾನಯನ ಪ್ರದೇಶ ಹಿಡಿದು ಮಾಡಬೇಕು ಎಂಬುದು. ಅಂದರೆ ಎಲ್ಲಿ ಬಿದ್ದ ಮಳೆ ಯಾವ ನದಿಗೆ ಹೋಗುತ್ತದೋ ಅಷ್ಟೂ ಜಾಗಕ್ಕೆ ಒಂದೇ ಯೋಜನೆ. ಆರು ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಬರೆಯಬೇಕು.

ಎರಡನೆಯದು, ನೀರನ್ನು ಅಳೆಯುವ ಬಗೆ. ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬಿಗೆ ಕಳಿಸಿದರೆ ಆ ಹೊತ್ತಿನ ನೀರಿನ ವಿಷಯ ಮಾತ್ರ ತಿಳಿಯುತ್ತದೆ. ಹಿಂದಿನ ರಾತ್ರಿ ಯಾರೋ ಏನೋ ಬಿಟ್ಟು ಹೋಗಿದ್ದರೆ ಬೆಳಿಗ್ಗೆ ಸುಳಿವೇ ಇರುವುದಿಲ್ಲ. ಆದರೆ ನದಿ ತಳದ ಕಲ್ಲಿನಡಿ ತಿಂಗಳುಗಟ್ಟಲೆ ಬದುಕುವ ಕೀಟದ ಮರಿಗಳು ಎಲ್ಲವನ್ನೂ ಅನುಭವಿಸಿರುತ್ತವೆ. ಸೂಕ್ಷ್ಮ ಜಾತಿಗಳು ಕಾಣೆಯಾಗಿ ಗಟ್ಟಿ ಜಾತಿಗಳು ಮಾತ್ರ ಉಳಿದಿದ್ದರೆ ಏನೋ ನಡೆದಿದೆ ಎಂದೇ ಅರ್ಥ. ಹಾಗಾಗಿ ಈ ಕಾನೂನು ಮೀನು, ಕೀಟ, ಪಾಚಿ, ಜಲಸಸ್ಯಗಳನ್ನೇ ಸಾಕ್ಷಿಗೆ ಕರೆಯಿತು. ನದಿಗಳಿಗೆ ಐದು ದರ್ಜೆ ಮಾಡಿತು. ನಕ್ಷೆಯಲ್ಲಿ ನೀಲಿ ಅಂದರೆ ಅತ್ಯುತ್ತಮ, ಹಸಿರು ಅಂದರೆ ಉತ್ತಮ, ಆಮೇಲೆ ಹಳದಿ, ಕಿತ್ತಳೆ, ಕೆಂಪು.

ಅಂಕ ಕೊಡುವ ರೀತಿ ಮಾತ್ರ ಬಹಳ ಬಿಗಿ. ಶಾಲೆಯ ಪರೀಕ್ಷೆಯ ಹಾಗೆ ಎಲ್ಲ ವಿಷಯದಲ್ಲೂ ಪಾಸಾಗಬೇಕು. ಒಂದರಲ್ಲಿ ಹೋದರೆ ಒಟ್ಟು ಫೇಲ್. ಮೀನು ಚೆನ್ನಾಗಿದ್ದು, ಕೀಟ ಚೆನ್ನಾಗಿದ್ದು, ಪಾಚಿ ಮಾತ್ರ ಜಾಸ್ತಿ ಇದ್ದರೂ ಆ ನದಿ ಹಸಿರಾಗುವುದಿಲ್ಲ.

2015ರೊಳಗೆ ಎಲ್ಲ ನೀರೂ ಹಸಿರಾಗಬೇಕಿತ್ತು. ಆಗಲಿಲ್ಲ. ಕಾನೂನಿನಲ್ಲೇ ಇದ್ದ ಅವಕಾಶ ಬಳಸಿ ಗಡುವನ್ನು 2027ರವರೆಗೆ ತಳ್ಳಿದರು. ಯುರೋಪಿನ ಪರಿಸರ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕದಲ್ಲಿ ನದಿ, ಸರೋವರ, ಕರಾವಳಿ ನೀರಿನ ಶೇ. 37 ಮಾತ್ರ ಜೀವಿಗಳ ಲೆಕ್ಕದಲ್ಲಿ ಪಾಸಾಗಿವೆ. ರಾಸಾಯನಿಕಗಳ ಲೆಕ್ಕದಲ್ಲಿ ಶೇ. 29.

ಈ ಎರಡನೇ ಅಂಕಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಫೇಲಾದ ಬಹುಪಾಲು ನೀರು ಫೇಲಾದದ್ದು ಪಾದರಸ ಮತ್ತು ಬೆಂಕಿ ತಡೆಯಲು ಪ್ಲಾಸ್ಟಿಕ್, ಬಟ್ಟೆಗಳಿಗೆ ಸೇರಿಸುತ್ತಿದ್ದ ಬ್ರೋಮಿನ್ ರಾಸಾಯನಿಕಗಳಿಂದ. ಪಾದರಸ ಕಲ್ಲಿದ್ದಲು ಸುಟ್ಟ ಹೊಗೆಯ ಜೊತೆ ಗಾಳಿಗೆ ಸೇರಿ, ಎಲ್ಲೋ ದೂರದಲ್ಲಿ ಮಳೆಯೊಂದಿಗೆ ಇಳಿಯುತ್ತದೆ. ಒಮ್ಮೆ ಇಳಿದರೆ ಬೇಗ ಹೋಗುವುದಿಲ್ಲ. ಇಂಥ ಹಳೆಯ ಸಾಲಗಳನ್ನು ಬದಿಗಿಟ್ಟರೆ ಸುಮಾರು ಶೇ. 80 ಪಾಸಾಗುತ್ತವೆ. ಹಾಗಾದರೆ ಈ ಬಿಗಿ ನಿಯಮ ಅನ್ಯಾಯ ಅಲ್ವಾ? ಹಾಗನ್ನುವವರು ಜಾಸ್ತಿಯೇ ಇದ್ದಾರೆ. ಮಾಡಿದ ಕೆಲಸ ನಕ್ಷೆಯಲ್ಲಿ ಕಾಣದೇ ಹೋಗುತ್ತದೆ ಎಂಬ ಅವರ ದೂರು ನಿಜವೂ ಹೌದು. ಆದರೂ ಸರಾಸರಿ ತೆಗೆದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು ಎಂದು ನನಗನಿಸುತ್ತದೆ. ಸರಾಸರಿಯ ಹಿಂದೆ ಏನನ್ನು ಬೇಕಾದರೂ ಬಚ್ಚಿಡಬಹುದು.

ಕೊಳವೆಯ ಕೊಳಕು

ನೀರಿಗೆ ಕೊಳಕು ಬರುವ ದಾರಿ ಎರಡು. ಒಂದು ಕೊಳವೆಯಿಂದ, ಇನ್ನೊಂದು ನೆಲದಿಂದ. ಕೊಳವೆಯದ್ದು ಸುಲಭ. ಎಲ್ಲಿಂದ ಬರುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ, ಬಾಯಿಗೆ ಘಟಕ ಕಟ್ಟಬಹುದು, ಮಾಲೀಕರು ಯಾರು ಅಂತ ಗೊತ್ತಿರುತ್ತದೆ.

ಸುಲಭ ಅಂದರೂ ಬೇಗ ಆಯಿತು ಅಂತಲ್ಲ. ನಗರಗಳ ಕೊಳಚೆ ನೀರಿನ ಕಾನೂನು ಬಂದದ್ದು 1991ರಲ್ಲಿ. ಅದೇ ಒಕ್ಕೂಟದ ರಾಜಧಾನಿ ಅನಿಸಿಕೊಂಡ ಬ್ರಸೆಲ್ಸ್ 2000ದವರೆಗೆ ತನ್ನ ಕೊಳಚೆಯನ್ನು ಶುದ್ಧೀಕರಿಸದೆ ಸೆನ್ ನದಿಗೆ ಬಿಡುತ್ತಿತ್ತು. ಆ ವರ್ಷ ಒಂದು ಘಟಕ ಶುರುವಾಯಿತು. ಊರಿನ ಹೆಚ್ಚಿನ ಪಾಲನ್ನು ನೋಡಿಕೊಳ್ಳುವ ಎರಡನೇ ಘಟಕ ಬಂದದ್ದು 2007ರಲ್ಲಿ. ಕಾನೂನು ಬರೆಯುವ ಕಟ್ಟಡದ ಶೌಚಾಲಯದ ನೀರೇ ಕಾನೂನಿಗೆ ಹೊರಗಿತ್ತು!

ಹಳೆಯ ನಗರಗಳಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಮಳೆ ನೀರೂ ಮನೆಯ ಕೊಳಚೆಯೂ ಒಂದೇ ಒಳಚರಂಡಿಯಲ್ಲಿ ಹೋಗುತ್ತವೆ. ಜೋರು ಮಳೆ ಬಂದರೆ ಒಳಚರಂಡಿ ತುಂಬುತ್ತದೆ. ಆಗ ನೀರು ಮನೆಗಳಿಗೆ ವಾಪಸ್ ನುಗ್ಗದಿರಲಿ ಅಂತ ಬೇಕೆಂದೇ ನದಿಗೆ ತೆರೆದುಬಿಡುತ್ತಾರೆ. ಪ್ಯಾರಿಸ್ಸಿನ ಸೆನ್ ನದಿಯಲ್ಲಿ (ಬ್ರಸೆಲ್ಸಿನದು ಬೇರೆ, ಇದು ಬೇರೆ) 1923ರಿಂದ ಈಜು ನಿಷೇಧವಾಗಿತ್ತು. 2024ರ ಒಲಿಂಪಿಕ್ಸ್ ನೆಪದಲ್ಲಿ ಸುಮಾರು 140 ಕೋಟಿ ಯೂರೋ ಖರ್ಚು ಮಾಡಿದರು. ಆಸ್ಟರ್‌ಲಿಟ್ಸ್ ರೈಲು ನಿಲ್ದಾಣದ ಹತ್ತಿರ ನೆಲದಡಿ ಸುಮಾರು 5 ಕೋಟಿ ಲೀಟರ್ ಹಿಡಿಯುವ ತೊಟ್ಟಿ ಕಟ್ಟಿದರು. ಮಳೆ ಬಂದಾಗ ಹೆಚ್ಚಾದ ನೀರು ಅಲ್ಲಿ ತಂಗುತ್ತದೆ, ಮಳೆ ನಿಂತ ಮೇಲೆ ನಿಧಾನಕ್ಕೆ ಶುದ್ಧೀಕರಣಕ್ಕೆ ಹೋಗುತ್ತದೆ. ಇಷ್ಟಾದರೂ ಒಲಿಂಪಿಕ್ಸ್ ಹೊತ್ತಿಗೆ ಮಳೆ ಸುರಿದು ಪುರುಷರ ಟ್ರಯಾಥ್ಲಾನ್ ಒಂದು ದಿನ ಮುಂದಕ್ಕೆ ಹೋಯಿತು. ಜಗತ್ತೆಲ್ಲ ನಕ್ಕಿತು. ಆದರೆ 2025ರ ಜುಲೈನಲ್ಲಿ ಊರಿನ ಜನರಿಗೇ ಮೂರು ಕಡೆ ಈಜಲು ಬಿಟ್ಟರು. ಅದೇನು ಸಣ್ಣ ವಿಷಯವೇ? ಲಂಡನ್ನಿನಲ್ಲೂ ಇದೇ ಕಾಯಿಲೆಗೆ ಥೇಮ್ಸ್ ನದಿಯಡಿ 25 ಕಿಲೋಮೀಟರ್ ಉದ್ದದ ಸುರಂಗ ತೋಡಿದ್ದಾರೆ.

ಈಗ ಕೊಳವೆಯಲ್ಲಿ ಹೊಸ ಕೊಳಕು ಬರುತ್ತಿದೆ. ನಾವು ನುಂಗುವ ಮಾತ್ರೆಗಳು, ಹಚ್ಚಿಕೊಳ್ಳುವ ಕ್ರೀಮುಗಳು. ಮೈಯಿಂದ ಹೊರಬಿದ್ದ ಔಷಧದ ಅಂಶವನ್ನು ಮಾಮೂಲಿ ಘಟಕದ ಬ್ಯಾಕ್ಟೀರಿಯಾಗಳು ಪೂರ್ತಿ ತಿನ್ನಲಾರವು. ಅದಕ್ಕೆ ಓಝೋನ್ ಅಥವಾ ಇದ್ದಿಲಿನ ಇನ್ನೊಂದು ಹಂತ ಬೇಕು. ಸ್ವಿಟ್ಜರ್ಲೆಂಡ್ ಇದನ್ನು ಎಲ್ಲರಿಗಿಂತ ಮೊದಲು ಶುರುಮಾಡಿತು. ಅದಕ್ಕಾಗಿ 2016ರಿಂದ ತಲೆಗೆ ವರ್ಷಕ್ಕೆ 9 ಫ್ರಾಂಕ್‌ವರೆಗೆ ಶುಲ್ಕ ಎತ್ತುತ್ತಿದೆ. ಒಕ್ಕೂಟ 2024ರಲ್ಲಿ ತನ್ನ ಕೊಳಚೆ ಕಾನೂನನ್ನು ತಿದ್ದುವಾಗ ಬೇರೆ ದಾರಿ ಹಿಡಿಯಿತು. ದೊಡ್ಡ ಘಟಕಗಳು 2045ರೊಳಗೆ ಹಂತ ಹಂತವಾಗಿ ಈ ಹೆಚ್ಚುವರಿ ಶುದ್ಧೀಕರಣ ಅಳವಡಿಸಬೇಕು. ಅದರ ಖರ್ಚಿನಲ್ಲಿ ಕನಿಷ್ಠ ಶೇ. 80 ಔಷಧ ಮತ್ತು ಸೌಂದರ್ಯ ಸಾಧನ ಮಾಡುವ ಕಂಪನಿಗಳು ಕೊಡಬೇಕು. ಬಾನ್ ಒಪ್ಪಂದದಿಂದ ಇಲ್ಲಿಗೆ ಬರಲು 48 ವರ್ಷ ಹಿಡಿಯಿತು. ಕಂಪನಿಗಳೇನೂ ಸುಮ್ಮನೆ ಒಪ್ಪಿಲ್ಲ, ಕೋರ್ಟಿಗೆ ಹೋಗಿವೆ.

ನೆಲದ ಕೊಳಕು

ನೆಲದಿಂದ ಬರುವ ಕೊಳಕಿಗೆ ಬಾಯಿ ಇಲ್ಲ. ಲಕ್ಷಾಂತರ ಹೊಲಗಳಿಂದ, ಪ್ರತಿ ಮಳೆಯಲ್ಲೂ ಸ್ವಲ್ಪ ಸ್ವಲ್ಪ ಬರುತ್ತದೆ. ಮುಖ್ಯವಾದದ್ದು ನೈಟ್ರೇಟ್. ರಸಗೊಬ್ಬರದಲ್ಲೂ ದನ, ಹಂದಿಗಳ ಗೊಬ್ಬರದಲ್ಲೂ ಇರುವ ಸಾರಜನಕದ ರೂಪ ಇದು. ಇದು ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಮಣ್ಣಿಗೆ ಅಂಟಿಕೊಳ್ಳುವುದಿಲ್ಲ. ಬೆಳೆ ಹೀರಿಕೊಳ್ಳದೆ ಬಿಟ್ಟದ್ದು ಮಳೆ ನೀರಿನ ಜೊತೆ ಕೆಳಗಿಳಿಯುತ್ತದೆ. ಅಂತರ್ಜಲ ಮುಟ್ಟಲು ಕೆಲವೆಡೆ ವರ್ಷಗಳು, ಕೆಲವೆಡೆ ದಶಕಗಳೇ ಬೇಕು. ಅಂದರೆ ಇವತ್ತು ಬಾವಿಯಲ್ಲಿ ಸಿಗುವ ನೈಟ್ರೇಟ್ ಅಪ್ಪನ ಕಾಲದಲ್ಲಿ ಹಾಕಿದ ಗೊಬ್ಬರದ್ದು ಇರಬಹುದು. ಮಗ ಇವತ್ತು ನಿಲ್ಲಿಸಿದರೂ ಬಾವಿ ನಾಳೆ ಸರಿಯಾಗುವುದಿಲ್ಲ. ಐದು ವರ್ಷಕ್ಕೊಮ್ಮೆ ಚುನಾವಣೆಗೆ ನಿಲ್ಲುವವರಿಗೆ ಇದಕ್ಕಿಂತ ಕಷ್ಟದ ವಿಷಯ ಇರಲಾರದು.

ಇದಕ್ಕೂ 1991ರಿಂದ ಕಾನೂನು ಇದೆ. ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಮೀರಬಾರದು. ತೊಂದರೆ ಇರುವ ಪ್ರದೇಶಗಳಲ್ಲಿ ಹೆಕ್ಟೇರಿಗೆ ವರ್ಷಕ್ಕೆ 170 ಕಿಲೋಗಿಂತ ಜಾಸ್ತಿ ಸಾರಜನಕವನ್ನು ಪ್ರಾಣಿಗಳ ಗೊಬ್ಬರದ ಮೂಲಕ ಹಾಕಬಾರದು. ಇದನ್ನು ಸರಿಯಾಗಿ ಪಾಲಿಸಲಿಲ್ಲ ಅಂತ 2018ರಲ್ಲಿ ಒಕ್ಕೂಟದ ನ್ಯಾಯಾಲಯ ಜರ್ಮನಿಯಂಥ ಜರ್ಮನಿಯನ್ನೇ ತಪ್ಪಿತಸ್ಥ ಎಂದಿತು. ಮಾಡಬಾರದು ಅನ್ನುವ ಕಾನೂನು ಹೊಲದಲ್ಲಿ ಬಹಳ ದೂರ ಹೋಗುವುದಿಲ್ಲ.

ಹೆಚ್ಚು ದೂರ ಹೋದದ್ದು ಮ್ಯೂನಿಕ್ ನಗರದ ಲೆಕ್ಕಾಚಾರ. ಅದರ ಕುಡಿಯುವ ನೀರಿನ ಬಹುಪಾಲು ಆಲ್ಪ್ಸ್ ತಪ್ಪಲಿನ ಮಾಂಗ್‌ಫಾಲ್ ಕಣಿವೆಯಿಂದ ಬರುತ್ತದೆ. ಅಲ್ಲಿ ನೈಟ್ರೇಟ್ ಏರುತ್ತಿದ್ದದ್ದನ್ನು ಕಂಡು ನಗರದ ನೀರು ಸಂಸ್ಥೆ 1992ರಿಂದ ಒಂದು ಕೆಲಸ ಶುರುಮಾಡಿತು. ಕಣಿವೆಯ ರೈತರಿಗೆ ದುಡ್ಡು ಕೊಟ್ಟು, ರಾಸಾಯನಿಕ ಇಲ್ಲದ ಬೇಸಾಯಕ್ಕೆ ಬರುವಂತೆ ಒಪ್ಪಿಸಿತು. ನೈಟ್ರೇಟ್ ಇಳಿಯಿತು. ಸೋಸುವ ಘಟಕ ಕಟ್ಟುವುದಕ್ಕಿಂತ ರೈತನಿಗೆ ಕೊಡುವುದು ಅಗ್ಗ ಎಂದು ಗೊತ್ತಾಯಿತು. ಇಲ್ಲೂ ಕೆಳಗಿನವರೇ ದುಡ್ಡು ಕೊಟ್ಟರು, ನಿಜ. ಆದರೆ ಇಲ್ಲಿ ಅದು ದಂಡವಾಗಿರಲಿಲ್ಲ, ಒಳ್ಳೆಯ ವ್ಯಾಪಾರವಾಗಿತ್ತು.

ಡೆನ್ಮಾರ್ಕ್ ಇನ್ನೂ ದೊಡ್ಡ ಹೆಜ್ಜೆ ಇಟ್ಟಿದೆ. ಅಲ್ಲಿ ಹೊಲಗಳಿಂದ ಬರುವ ಸಾರಜನಕ ಸಮುದ್ರದ ಕೊಲ್ಲಿಗಳನ್ನು ಉಸಿರುಗಟ್ಟಿಸುತ್ತಿದೆ. ಪಾಚಿ ಬೆಳೆಯುತ್ತದೆ, ಸಾಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. 2024ರಲ್ಲಿ ಜನ ವೈಲೆ ಕೊಲ್ಲಿಗೆ ಅಣಕು ಶವಸಂಸ್ಕಾರವನ್ನೇ ಮಾಡಿದರು. ಅದೇ ವರ್ಷ ಸರ್ಕಾರ, ರೈತರು, ಪರಿಸರದವರು ಒಟ್ಟಿಗೆ ಕೂತು 4,300 ಕೋಟಿ ಕ್ರೋನರ್‌ಗಳ ಯೋಜನೆಗೆ ಒಪ್ಪಿದರು. ಮುಂದಿನ ಎರಡು ದಶಕಗಳಲ್ಲಿ ದೇಶದ ಸುಮಾರು ಶೇ. 10 ಭೂಮಿಯನ್ನು ಬೇಸಾಯದಿಂದ ಬಿಡಿಸಿ ಕಾಡು, ಜೌಗುಗಳಿಗೆ ಕೊಡುವ ಯೋಜನೆ ಅದು.

ನೀರು ಕಡಿಮೆಯಾದರೆ ಕೊಳಕು ಜಾಸ್ತಿ

ಇಷ್ಟು ಹೊತ್ತು ಶುದ್ಧತೆಯ ಮಾತಾಯಿತು. ಬರ, ನೆರೆ ಬೇರೆಯೇ ಇಲಾಖೆಯ ವಿಷಯ ಎಂದು ಯುರೋಪ್ ಬಹಳ ಕಾಲ ನಂಬಿತ್ತು. ಆ ನಂಬಿಕೆ ಕೆಟ್ಟದಾಗಿ ಮುರಿದದ್ದು 2022ರ ಬೇಸಿಗೆಯಲ್ಲಿ.

ಆ ವರ್ಷ ಬರ ಎಷ್ಟಿತ್ತೆಂದರೆ, ರೈನ್ ದಡದ ಕೌಬ್ ಎಂಬಲ್ಲಿನ ಮಾಪಕ ಆಗಸ್ಟಿನಲ್ಲಿ 32 ಸೆಂಟಿಮೀಟರಿಗೆ ಇಳಿಯಿತು. ಸರಕು ಹಡಗುಗಳು ಅರ್ಧ ಹೊರೆಯನ್ನೂ ಹೊರಲಾಗದೆ ತೆವಳಿದವು. ಎಲ್ಬ್ ನದಿಯಲ್ಲಿ, ಜೆಕ್ ದೇಶದ ದೆಚೀನ್ ಊರಿನಲ್ಲಿ, ನೀರು ತೀರಾ ಇಳಿದಾಗ ಮಾತ್ರ ಕಾಣುವ ಹಳೆಯ ಕಲ್ಲೊಂದು ಮತ್ತೆ ಮೇಲೆದ್ದಿತು. 'ನನ್ನನ್ನು ಕಂಡರೆ ಅಳು' ಎಂದು ಅದರ ಮೇಲೆ ಜರ್ಮನ್ ಭಾಷೆಯಲ್ಲಿ ಕೆತ್ತಿದೆ.

ಪೋಲೆಂಡ್ ಮತ್ತು ಜರ್ಮನಿ ನಡುವೆ ಹರಿಯುವ ಓಡರ್ ನದಿಯಲ್ಲಿ ಅದೇ ಬೇಸಿಗೆ ಸುಮಾರು 360 ಟನ್ ಮೀನು ಸತ್ತಿತು. ಮೊದಲು ಎಲ್ಲರೂ ಯಾರೋ ವಿಷ ಸುರಿದಿದ್ದಾರೆ ಅಂದುಕೊಂಡು ಅಪರಾಧಿಯನ್ನು ಹುಡುಕಿದರು. ಸಿಕ್ಕಿದ್ದು ಒಂದು ಪಾಚಿ. ಚಿನ್ನದ ಬಣ್ಣದ, ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಜೀವಿ. ಅದು ಬಿಡುವ ವಿಷ ಮೀನಿನ ಕಿವಿರುಗಳನ್ನು ಹಾಳುಮಾಡುತ್ತದೆ. ವಿಚಿತ್ರವೆಂದರೆ ಅದಕ್ಕೆ ಬೇಕಾದದ್ದು ಸಮುದ್ರದ ಅಂಚಿನಂಥ ಉಪ್ಪುನೀರು. ಸಿಹಿನೀರಿನ ನದಿಯಲ್ಲಿ ಅದಕ್ಕೇನು ಕೆಲಸ?

ಕೆಲಸ ಕೊಟ್ಟದ್ದು ಗಣಿಗಳ ಉಪ್ಪುನೀರು. ಅದು ನದಿಗೆ ಬರುತ್ತಲೇ ಇತ್ತು, ಹೆಚ್ಚಾಗಿ ಲೈಸೆನ್ಸ್ ಇಟ್ಟುಕೊಂಡೇ ಬರುತ್ತಿತ್ತು. ನದಿ ತುಂಬಿದ್ದಾಗ ಆ ಉಪ್ಪು ತೆಳುವಾಗಿ ಹೋಗುತ್ತಿತ್ತು. 2022ರಲ್ಲಿ ನೀರು ಇಳಿಯಿತು, ಉಪ್ಪು ಇಳಿಯಲಿಲ್ಲ. ಬಿಸಿಲಿಗೆ ನೀರು ಬೆಚ್ಚಗಾಯಿತು. ಹರಿವು ನಿಧಾನವಾಯಿತು. ಹೊಲ ಮತ್ತು ಊರುಗಳ ಸಾರಜನಕ, ರಂಜಕ ಊಟ ಹಾಕಿದವು. ಪಾಚಿಗೆ ಇದಕ್ಕಿಂತ ಏನು ಬೇಕು? ಹಾಗಾಗಿ ಮೀನಿನ ಸಾವನ್ನು ಯಾವುದೋ ಒಂದು ಕೊಳವೆಯ ಮೇಲೆ ಹೊರಿಸಲು ಆಗಲಿಲ್ಲ. ಪ್ರತಿಯೊಂದು ಅನುಮತಿಯೂ ಬಿಡಿಬಿಡಿಯಾಗಿ ಸರಿ ಕಾಣುತ್ತಿತ್ತು. ಎಲ್ಲ ಸೇರಿದ ಮೊತ್ತವನ್ನು, ಅದೂ ಬರದ ವರ್ಷದ ನದಿಗೆ, ಯಾರೂ ಲೆಕ್ಕ ಹಾಕಿರಲಿಲ್ಲ.

ಈಗ ಪ್ರತಿ ವರ್ಷ ಸರಾಸರಿ ಯುರೋಪಿನ ಶೇ. 20 ನೆಲ ಮತ್ತು ಶೇ. 30 ಜನ ನೀರಿನ ಕೊರತೆ ಅನುಭವಿಸುತ್ತಾರೆ. ಇನ್ನೊಂದು ಕಡೆ 2021ರ ಜುಲೈನಲ್ಲಿ ಜರ್ಮನಿ ಮತ್ತು ಬೆಲ್ಜಿಯಂನಲ್ಲಿ, 2024ರ ಅಕ್ಟೋಬರಿನಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ನೆರೆ ಬಂದು ಪ್ರತಿ ಸಲವೂ 200ಕ್ಕೂ ಹೆಚ್ಚು ಜನ ಸತ್ತರು. ಬರ, ನೆರೆ ಒಂದಕ್ಕೊಂದು ವಿರುದ್ಧ ಅನಿಸಬಹುದು. ಆದರೆ ಎರಡನ್ನೂ ಹೆಚ್ಚಿಸಿದ ಒಂದು ಹಳೆಯ ಅಭ್ಯಾಸ ಇದೆ. ಇನ್ನೂರು ವರ್ಷ ಯುರೋಪ್ ನೀರನ್ನು ಆದಷ್ಟು ಬೇಗ ಸಮುದ್ರಕ್ಕೆ ಓಡಿಸಲು ದುಡಿಯಿತು. 1817ರಲ್ಲಿ ಎಂಜಿನಿಯರ್ ಟುಲ್ಲಾ ರೈನ್ ನದಿಯ ತಿರುವುಗಳನ್ನು ಕತ್ತರಿಸಿ ನೆಟ್ಟಗೆ ಮಾಡುವ ಕೆಲಸ ಶುರುಮಾಡಿದರು. ನದಿ ಸುಮಾರು 80 ಕಿಲೋಮೀಟರ್ ಗಿಡ್ಡವಾಯಿತು. ಜೌಗುಗಳನ್ನು ಬಸಿದು ಹೊಲ ಮಾಡಿದರು. ದಡಕ್ಕೆ ಏರಿ ಕಟ್ಟಿ ನದಿಯನ್ನು ಕಾಲುವೆ ಮಾಡಿದರು. ಮಳೆಗಾಲದ ನೀರು ನೆಲದಲ್ಲಿ ಇಂಗದೆ ಓಡಿದರೆ ಕೆಳಗಿನವರಿಗೆ ನೆರೆ. ಬೇಸಿಗೆಯಲ್ಲಿ ನೆಲದಿಂದ ಒಸರಲು ಏನೂ ಉಳಿದಿರದಿದ್ದರೆ ಎಲ್ಲರಿಗೂ ಬರ.

ಏರಿ ಎತ್ತರಿಸುವುದನ್ನು ಬಿಟ್ಟವರು

1995ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಮನೆ ಬಿಡಿಸಬೇಕಾಯಿತು. ಏರಿ ಒಡೆಯಲಿಲ್ಲ, ಒಡೆಯುವ ಹಾಗಿತ್ತು. ಶತಮಾನಗಳಿಂದ ಏರಿ ಕಟ್ಟುವುದರಲ್ಲೇ ಹೆಸರು ಮಾಡಿದ ಡಚ್ಚರು ಆಗ ಉಲ್ಟಾ ಯೋಚಿಸಿದರು. ಏರಿ ಎತ್ತರಿಸುತ್ತಾ ಹೋದರೆ ಒಡೆದ ದಿನ ಅನಾಹುತವೂ ಅಷ್ಟೇ ಎತ್ತರ. ಬದಲಿಗೆ ನದಿಗೆ ಜಾಗ ಬಿಟ್ಟರೆ? ಸುಮಾರು 230 ಕೋಟಿ ಯೂರೋ ಹಾಕಿ 30ಕ್ಕೂ ಹೆಚ್ಚು ಕಡೆ ಈ ಕೆಲಸ ಮಾಡಿದರು. ನೈಮೇಖೆನ್ ನಗರದ ಎದುರು ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ ನದಿಗೆ ಪಕ್ಕದಲ್ಲೊಂದು ಹೊಸ ಕವಲು ತೋಡಿದರು. ಸುಮಾರು 50 ಮನೆಗಳು ಹೋದವು, ಅದಕ್ಕೆ ಜಗಳವೂ ಆಯಿತು. ಇನ್ನೊಂದು ಕಡೆ ರೈತರು ತಮ್ಮ ಜಮೀನಿಗೆ ನೆರೆ ಬರಲು ಒಪ್ಪಿ, ಮನೆ, ಕೊಟ್ಟಿಗೆಗಳನ್ನು ಎತ್ತರದ ದಿಬ್ಬಗಳ ಮೇಲೆ ಹೊಸದಾಗಿ ಕಟ್ಟಿಕೊಂಡರು. ಇಡೀ ಖಂಡದಲ್ಲಿ ನಡೆದ ನೀರಿನ ಕೆಲಸಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಇದೇ.

ಅಡ್ಡಗಟ್ಟೆಗಳ ಕಥೆಯೂ ಹೀಗೇ. ಯುರೋಪಿನ ನದಿಗಳಲ್ಲಿ ಕನಿಷ್ಠ 12 ಲಕ್ಷ ಅಡೆತಡೆಗಳಿವೆ ಎಂದು 2020ರಲ್ಲಿ ಎಣಿಸಿದರು. ದೊಡ್ಡ ಅಣೆಕಟ್ಟುಗಳು ಕೆಲವೇ. ಉಳಿದವು ಎಂದೋ ಮುಚ್ಚಿಹೋದ ಗಿರಣಿಗಳ ಸಣ್ಣ ಕಟ್ಟೆಗಳು, ರಸ್ತೆಯಡಿಯ ಮೋರಿಗಳು, ಹಾಗೇ ಉಳಿದುಬಿಟ್ಟವು. ಫ್ರಾನ್ಸಿನ ಸೆಲ್ಯೂನ್ ನದಿಯಲ್ಲಿ ಮಾತ್ರ ದೊಡ್ಡದನ್ನೇ ಕೆಡವಿದರು. 36 ಮೀಟರ್ ಎತ್ತರದ ಅಣೆಕಟ್ಟೊಂದನ್ನು 2019ರಿಂದ ಒಡೆದು, ಆಮೇಲೆ ಕೆಳಗಿನ ಇನ್ನೊಂದನ್ನೂ ತೆಗೆದರು. 2024ರ ಪ್ರಕೃತಿ ಪುನಶ್ಚೇತನ ಕಾನೂನು 2030ರೊಳಗೆ 25,000 ಕಿಲೋಮೀಟರ್ ನದಿ ಅಡೆತಡೆ ಇಲ್ಲದೆ ಹರಿಯಬೇಕು ಅನ್ನುತ್ತದೆ.

ದಕ್ಷಿಣದಲ್ಲಿ ಲೆಕ್ಕ ಬೇರೆ. ಅಲ್ಲಿ ಜಾಗ ಬಿಡಲು ನೀರೇ ಇಲ್ಲ. 2024ರ ಫೆಬ್ರವರಿಯಲ್ಲಿ ಬಾರ್ಸಿಲೋನಾದ ಜಲಾಶಯಗಳು ಶೇ. 16ಕ್ಕಿಂತ ಕೆಳಗಿಳಿದು ತುರ್ತು ಪರಿಸ್ಥಿತಿ ಘೋಷಿಸಿದರು. ನಗರವನ್ನು ಉಳಿಸಿದ್ದು ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಮತ್ತು ಚೆನ್ನಾಗಿ ಶುದ್ಧೀಕರಿಸಿ ಲೋಬ್ರೆಗಾತ್ ನದಿಗೆ ಬಿಟ್ಟು ಮತ್ತೆ ಎತ್ತಿಕೊಂಡ ನಗರದ್ದೇ ಕೊಳಚೆ ನೀರು. ಒಟ್ಟು ಒಕ್ಕೂಟದಲ್ಲಿ ಶುದ್ಧೀಕರಿಸಿದ ನೀರಿನ ಶೇ. 3ಕ್ಕೂ ಕಡಿಮೆ ಮರುಬಳಕೆಯಾಗುತ್ತದೆ. ಇಷ್ಟು ಖರ್ಚು ಮಾಡಿ ಶುದ್ಧ ಮಾಡಿದ ನೀರನ್ನು ಸಮುದ್ರಕ್ಕೆ ಬಿಡುವುದು ದಡ್ಡತನ ಅಲ್ವಾ?

ಇದನ್ನೆಲ್ಲ ಒಂದೇ ಚೀಲಕ್ಕೆ ಹಾಕುವ ಪ್ರಯತ್ನವೇ ಯುರೋಪಿಯನ್ ಆಯೋಗ 2025ರ ಜೂನ್‌ನಲ್ಲಿ ಹೊರಡಿಸಿದ ನೀರಿನ ಕಾರ್ಯತಂತ್ರ. 2030ರೊಳಗೆ ನೀರಿನ ಬಳಕೆಯ ದಕ್ಷತೆ ಶೇ. 10 ಹೆಚ್ಚಬೇಕು ಎಂಬುದು ಅದರ ಗುರಿ. ಕೆಲವು ದೇಶಗಳಲ್ಲಿ ಪೈಪುಗಳಿಂದ ಸೋರಿಹೋಗುವುದು ಶೇ. 8, ಕೆಲವೆಡೆ ಶೇ. 57. ಯುರೋಪಿನ ಹೂಡಿಕೆ ಬ್ಯಾಂಕ್ 2027ರವರೆಗೆ 1,500 ಕೋಟಿ ಯೂರೋ ಸಾಲ ಕೊಡಲು ಮುಂದಾಗಿದೆ. ಆದರೆ ಆ ಶೇ. 10 ಕಡ್ಡಾಯ ಅಲ್ಲ, ಬರೀ ಸಲಹೆ. ಓಡರ್ ನೋಡಿದ ಮೇಲೂ ಇಷ್ಟು ಮೆತ್ತಗೆ ಬರೆದದ್ದು ನನಗೆ ಆಶ್ಚರ್ಯ.

ಶುದ್ಧವಾದರೆ ಎಲ್ಲರೂ ಖುಷಿ ಪಡುತ್ತಾರೆ ಅಂತಲೂ ಇಲ್ಲ. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ನಡುವಿನ ಕಾನ್‌ಸ್ಟನ್ಸ್ ಸರೋವರದಲ್ಲಿ 1970ರ ದಶಕದ ಕೊನೆಗೆ ರಂಜಕ ವಿಪರೀತ ಏರಿತ್ತು. ಸುತ್ತಲ ದೇಶಗಳು ಸೇರಿ ಅದನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಿದವು. ಆಮೇಲೆ ಮೀನುಗಾರರ ದೂರು ಶುರುವಾಯಿತು: ನೀರು ತೀರಾ ಶುದ್ಧವಾಗಿ ಮೀನಿಗೆ ಊಟವೇ ಇಲ್ಲ ಅಂತ. ಹೊರಗಿಂದ ಬಂದ ಕ್ವಾಗಾ ಚಿಪ್ಪುಗಳೂ ಆ ಊಟಕ್ಕೆ ಪಾಲುದಾರರಾದವು. 2024ರಿಂದ ಮೂರು ವರ್ಷ ಅಲ್ಲಿನ ಹೆಸರಾಂತ ಬಿಳಿಮೀನು ಹಿಡಿಯುವುದನ್ನೇ ನಿಲ್ಲಿಸಿದ್ದಾರೆ. ಸರೋವರಕ್ಕೆ ಮತ್ತೆ ರಂಜಕ ಬಿಡಿ ಎಂದು ಕೇಳಿದವರೂ ಇದ್ದರು. ಲಕ್ಷಾಂತರ ಜನ ಕುಡಿಯುವ ನೀರಿಗೆ ಅದನ್ನು ಯಾರೂ ಒಪ್ಪಲಿಲ್ಲ.

ಮುಂದಿನ ಜಗಳ ಪಿಎಫ್‌ಎಎಸ್ ಎಂಬ ರಾಸಾಯನಿಕಗಳದ್ದು. ಎಣ್ಣೆ, ನೀರು ಎರಡೂ ಅಂಟದಂತೆ ಮಾಡಲು ತವಾ, ಬಟ್ಟೆ, ಬೆಂಕಿ ಆರಿಸುವ ನೊರೆ, ಎಲ್ಲದರಲ್ಲೂ ಬಳಸುತ್ತಾರೆ. ಪ್ರಕೃತಿಯಲ್ಲಿ ಕರಗಿ ಹೋಗುವ ಜಾತಿಯೇ ಅಲ್ಲ. ಇಟಲಿಯ ವೆನೆಟೊದಲ್ಲಿ ಒಂದು ಕಾರ್ಖಾನೆಯಿಂದ ಇವು ಲಕ್ಷಾಂತರ ಜನರ ಅಂತರ್ಜಲಕ್ಕೆ ಸೇರಿದ್ದು 2013ರಲ್ಲಿ ಬಯಲಾಯಿತು. 2025ರಲ್ಲಿ ವಿಚೆಂಜಾ ನ್ಯಾಯಾಲಯ ಅದಕ್ಕಾಗಿ ಕಂಪನಿಗಳ 11 ಅಧಿಕಾರಿಗಳಿಗೆ ಜೈಲು ಶಿಕ್ಷೆ ವಿಧಿಸಿತು. 2026ರ ಜನವರಿಯಿಂದ ಒಕ್ಕೂಟದ ಕುಡಿಯುವ ನೀರಿನಲ್ಲಿ ಇವುಗಳಿಗೆ ಮಿತಿ ಇದೆ: ಮುಖ್ಯವಾದ 20 ಬಗೆ ಸೇರಿ ಲೀಟರಿಗೆ 0.1 ಮೈಕ್ರೋಗ್ರಾಂ. ಇಡೀ ಗುಂಪನ್ನೇ ನಿಲ್ಲಿಸಬೇಕೆಂದು ಜರ್ಮನಿ, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ಸ್ವೀಡನ್, ನಾರ್ವೆ ಸೇರಿ 2023ರಲ್ಲಿ ಹೆಲ್ಸಿಂಕಿಯಲ್ಲಿರುವ ಒಕ್ಕೂಟದ ರಾಸಾಯನಿಕ ಸಂಸ್ಥೆಗೆ ಅರ್ಜಿ ಕೊಟ್ಟಿವೆ. ಯಾವ ಬಳಕೆಗೆ ರಿಯಾಯಿತಿ ಕೊಡಬೇಕು, ಯಾವುದಕ್ಕೆ ಬೇಡ ಎಂಬ ಎಳೆದಾಟ ದೊಡ್ಡದು. ಮಿತಿ ದಾಟಿದ ಕಡೆ ನೀರು ಸಂಸ್ಥೆಗಳು ಇದ್ದಿಲಿನ ಸೋಸುವಿಕೆ ಹಾಕಬೇಕು. ಇದಕ್ಕೆ ಔಷಧ ಕಂಪನಿಗಳ ಮೇಲೆ ಹಾಕಿದಂಥ ಶೇ. 80ರ ನಿಯಮ ಇಲ್ಲ. ಖರ್ಚು ಮನೆಮನೆಯ ನೀರಿನ ಬಿಲ್ಲಿಗೇ ಹೋಗುತ್ತದೆ.